ಅಮ್ಮ ಹಾಡಿದ ಬೀಗರ ಹಾಡು

ಅಪ್ಪನ ಮನೆಮಾತು ಕನ್ನಡ, ಅಮ್ಮನದು ತೆಲುಗು. ಚಿತ್ತೂರಿನ ಕಡೆಯಿಂದ ಮದುವೆಯಾಗಿ ಜಯನಗರಕ್ಕೆ ಬಂದ ಅಮ್ಮನ ಬಾಯಲ್ಲಿ ಎರಡೂ ಭಾಷೆಗಳು ಕಲಸನ್ನದ ಹಾಗೆ ಒಂದೇ ತುತ್ತಾಗಿದ್ದವು. ಮದುವೆಮನೆಗಳಲ್ಲಿ ಬೀಗರ ಹಾಡಿಗೆ ಅವಳೇ ಆಗಬೇಕು. ಬಳೆಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಾ, ಅಳಿಯನನ್ನು ಕನ್ನಡದಲ್ಲಿ ಹೊಗಳಿ ಅಟ್ಟಕ್ಕೇರಿಸಿ, ಅದೇ ಸಾಲಿನ ಕೊನೆಯಲ್ಲಿ ಬೀಗಿತ್ತಿಯ ಜಿಪುಣತನವನ್ನು ತೆಲುಗಿನಲ್ಲಿ ಎತ್ತಿ ಆಡುವಳು. ಬೀಗಿತ್ತಿಯೂ ನಗಲೇಬೇಕು.

ತೊಂಬತ್ತರ ದಶಕದಲ್ಲಿ ಮದುವೆಗಳಿಗೆ ಆರ್ಕೆಸ್ಟ್ರಾ ಬಂತು. ಅಮ್ಮನನ್ನು ಹಾಡು ಎನ್ನುವವರೇ ಇಲ್ಲವಾದರು. ಆಗ ಅವಳ ಕೈ ಹಿಡಿದದ್ದು ನಮ್ಮ ಬಡಾವಣೆಯ ಕನ್ನಡ–ತೆಲುಗು ಸಂಸ್ಕೃತಿ ಕೇಂದ್ರ. ಕೇಂದ್ರವೆಂದರೆ ಕಲ್ಯಾಣ ಮಂಟಪದ ಮಹಡಿಯ ಮೇಲೊಂದು ಕೋಣೆ, ಜಮಖಾನ, ಎರಡು ಭಾಷೆಯ ಪುಸ್ತಕಗಳ ಬೀರು, ಅಷ್ಟೇ. ಶನಿವಾರ ಸಂಜೆ ಬನಶಂಕರಿ, ಪುಟ್ಟೇನಹಳ್ಳಿಗಳಿಂದೆಲ್ಲ ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದರು. ಬಿಟಿಎಂನಲ್ಲಿ ಬಾಡಿಗೆಗಿದ್ದ ಧಾರವಾಡದ ಹುಡುಗಿಯರೂ ಬಂದು, ಅರ್ಧ ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿ, ಒಗ್ಗರಣೆ ಅವಲಕ್ಕಿ ತಿಂದು ಹೋಗುತ್ತಿದ್ದರು. ಅಮ್ಮ ಶುಕ್ರವಾರವೇ ಸೀರೆ ತೆಗೆದಿಡುತ್ತಿದ್ದಳು. ಕೇಂದ್ರದವರು ಅವಳ ಹಾಡುಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡ ದಿನವಂತೂ ರಾತ್ರಿ ಊಟವೂ ಬೇಡವೆಂದಳು, ಅಷ್ಟು ಖುಷಿ.

ಉಬ್ಬಸ ಅವಳನ್ನು ಕೊಂಡೊಯ್ಯಿತು. ಮನೆಯಲ್ಲಿ ಟೇಪ್ ರೆಕಾರ್ಡರ್ ಇದ್ದೂ ಅವಳ ದನಿ ಹಿಡಿದಿಡಬೇಕೆಂದು ನಮಗೆ ಹೊಳೆದಿರಲಿಲ್ಲ, ಎದುರಿಗೇ ಇದ್ದಳಲ್ಲ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅಪ್ಪ, "ಕೇಂದ್ರದಲ್ಲಿ ಅವಳ ಕ್ಯಾಸೆಟ್ ಇದೆಯಲ್ಲ, ಇಸ್ಕೊಂಡು ಬಾಮ್ಮ. ಒಂದ್ಸಲ ಅವಳ ದನಿ ಕೇಳ್ಬೇಕು" ಎಂದರು.

ಕೇಂದ್ರದ ಕಾರ್ಯದರ್ಶಿ ಸಜ್ಜನರು. ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ನಿಮ್ಮ ತಾಯಿ ಹಾಡು ಒಂದೂ ಕಳ್ದಿಲ್ಲ ಮೇಡಂ. ಭಾಷೆ ಸ್ವಲ್ಪ ಬೆರಕೆ ಆಗಿತ್ತು, ಮಧ್ಯೆ ಮಧ್ಯೆ ಉಬ್ಬಸ, ಬಳೆ ಸದ್ದು ಬೇರೆ. ನಮ್ಮ ಸಂಗೀತದ ಟೀಚರ್ ಕೈಲಿ ನೀಟಾಗಿ ಹಾಡಿಸಿದ್ವಿ. ಒಂದು ಸೈಡ್ ಶುದ್ಧ ಕನ್ನಡ, ಇನ್ನೊಂದು ಸೈಡ್ ಶುದ್ಧ ತೆಲುಗು."

"ಅಮ್ಮ ಹಾಡಿದ್ದು?"

"ಅದೇ ಕ್ಯಾಸೆಟ್ ಮೇಲೇನೇ ರೆಕಾರ್ಡ್ ಮಾಡಿದ್ದು ಮೇಡಂ. ಹಳೇದು ಯಾಕೆ, ನೀಟಾಗಿರೋದು ಇದ್ದಾಗ ಅಂತ."

ಅವರ ಮುಖದಲ್ಲಿ ಹೆಮ್ಮೆಯಿತ್ತು. ಸಿಟ್ಟು ನೆತ್ತಿಗೇರಿತು, ಆದರೆ ಬೈಯಲು ಬಾಯಿ ಬರಲಿಲ್ಲ. ಯಾರಿಗೂ ಬೇಡವಾದಾಗ ಅಮ್ಮನನ್ನು ಕರೆದು ಕೂರಿಸಿ ಹಾಡಿಸಿದವರೂ ಇವರೇ. ಆದರೆ ಉಬ್ಬಸ, ಬಳೆ, ಬೆರಕೆ ಅಷ್ಟನ್ನೂ ತೆಗೆದ ಮೇಲೆ ನನ್ನ ಅಮ್ಮ ಎಂದು ಉಳಿಯುವುದಾದರೂ ಏನು? ಮೆಟ್ಟಿಲು ಇಳಿಯುತ್ತಾ ಅತ್ತುಬಿಟ್ಟೆ.

ಅಪ್ಪನಿಗೆ ಹೇಳುವ ಧೈರ್ಯವಾಗಲಿಲ್ಲ. ಕ್ಯಾಸೆಟ್ ಹಾಕಿದೆ. ಹಾರ್ಮೋನಿಯಂ, ಇಂಪಾದ ಕಂಠ, ಎಲ್ಲೂ ತಪ್ಪಿಲ್ಲದ ಕನ್ನಡ. ಅಪ್ಪ ಕಿವಿಗೆ ಅಂಗೈ ಆನಿಸಿಕೊಂಡು ಆ ಬದಿ ಮುಗಿಯುವವರೆಗೂ ಕಾದರು.

"ಯಾರೋ ಚೆನ್ನಾಗಿ ಹಾಡಿದಾರೆ" ಎಂದರು. "ಇನ್ನೊಂದು ಸೈಡ್ ಹಾಕಮ್ಮ. ಅದ್ರಲ್ಲಿರ್ತಾಳೆ ಅವಳು."

ನಾನು ಕ್ಯಾಸೆಟ್ ತಿರುಗಿಸಿ ಹಾಕಿದೆ.