ತಿಂಡಿಗೆ ಮುಂಚೆ ಬಂದ ಫೋನು

ತಾಯಿ ತೀರಿಕೊಂಡ ಸುದ್ದಿ ತಿಳಿದೂ ಮಾಂಸ ತಿಂದವನು ಎಂಬ ಅಪವಾದವನ್ನು ನನ್ನ ಹೆಂಡತಿಯ ತಮ್ಮ ಬೋರೇಗೌಡ ಇಷ್ಟು ವರ್ಷ ಹೊತ್ತಿದ್ದಾನೆ. ಅದು ಸುಳ್ಳು. ಸುದ್ದಿ ತಿಳಿದಿದ್ದವನು ನಾನು. ಬಚ್ಚಿಟ್ಟವನು ನಾನು. ಆ ಮಾಂಸವನ್ನು ಅವನ ತಟ್ಟೆಯಲ್ಲಿಟ್ಟಿದ್ದೂ — ನನ್ನದೇ ಕೈ.

ತೊಂಬತ್ತರ ದಶಕದ ನಡುವಿನಲ್ಲಿ ನಾವಿಬ್ಬರೂ ಮಲೇಷ್ಯಾದ ಇಪೋ ಪಟ್ಟಣದಲ್ಲಿದ್ದೆವು. ರಸ್ತೆ ಕಾಮಗಾರಿಯಲ್ಲಿ ನಾನು ಮೇಲ್ವಿಚಾರಕ, ಅವನು ರೋಲರ್ ಓಡಿಸುವವನು. ನಮ್ಮ ಬಾಡಿಗೆ ಕೋಣೆಯಿದ್ದ ಬೀದಿಯ ತುದಿಯಲ್ಲಿ ಕ್ಯಾಂಟನೀಸ್ ಚೀನಿಯರ ಹೋಟೆಲೊಂದಿತ್ತು. ಭಾನುವಾರ ಬೆಳಗ್ಗೆ ಅಲ್ಲಿ ಡಿಮ್ ಸಮ್ — ಪುಟ್ಟ ಬಿದಿರು ಬುಟ್ಟಿಗಳಲ್ಲಿ, ಹಬೆಯಲ್ಲಿ ಬೆಂದ, ಒಳಗೆ ಸಿಗಡಿಯನ್ನೋ ಹಂದಿಮಾಂಸವನ್ನೋ ತುಂಬಿದ ಕಡುಬುಗಳು. ಬುಟ್ಟಿಗಳನ್ನು ಕೈಗಾಡಿಯಲ್ಲಿ ಪೇರಿಸಿಕೊಂಡು ಮೇಜಿನಿಂದ ಮೇಜಿಗೆ ತಳ್ಳಿ ತರುತ್ತಿದ್ದರು. ಬೇಕಾದದ್ದಕ್ಕೆ ಬೆರಳು ತೋರಿಸಿದರೆ ಸಾಕು. ಸಕ್ಕರೆಯಿಲ್ಲದ ಚಹಾ ಹೀರುತ್ತ ಬೋರ ಹೇಳುತ್ತಿದ್ದ: “ನಮ್ಮವ್ವನ ಕಡುಬಿಗೇ ಬಾಡು ತುಂಬ್ದಂಗದೆ ಕಣ್ ಬಾವ.”

ಚೀನಿಯರಂತೆ ಎರಡು ಕಡ್ಡಿಗಳಲ್ಲಿ ಹಿಡಿದು ತಿನ್ನುವುದನ್ನು ಅವನು ಎರಡೇ ವಾರದಲ್ಲಿ ಕಲಿತ. ನನಗೆ ಒಲಿಯಲಿಲ್ಲ. ಒಂದು ಭಾನುವಾರ ನನ್ನ ಕಡ್ಡಿಯಿಂದ ಜಾರಿದ ಕಡುಬು ಪಕ್ಕದ ಮೇಜಿನಡಿಗೆ ಉರುಳಿತು. ಜೊತೆಯಲ್ಲಿ ಕೆಲಸದ ತಮಿಳರಿದ್ದರು. “ಬಾವಂಗೆ ಕಡ್ಡಿ ಬ್ಯಾಡ, ಸನಿಕೆ ತರ್ಸ್ರಪ್ಪ! ಗೋರ್ಕಂಡ್ ತಿನ್ಲಿ!” ಎಂದ ಬೋರ, ಅದನ್ನೇ ಹರಕು ತಮಿಳಿನಲ್ಲೂ ಹೇಳಿ ಎಲ್ಲರನ್ನೂ ನಗಿಸಿದ.

ಇಂಥದ್ದನ್ನು ಮರೆಯುವವನಲ್ಲ ನಾನು. ನನ್ನ ಮದುವೆಯ ಊಟದಲ್ಲಿ ನನಗೆ ಹರಿದ ಎಲೆ ಹಾಕಿದವನ ಹೆಸರು ಇಂದಿಗೂ ನೆನಪಿದೆ. ಮುಂದಿನ ಆರು ಸಂಜೆ ಬಾಗಿಲು ಹಾಕಿಕೊಂಡು, ಎರಡು ಪೆನ್ಸಿಲುಗಳಿಂದ ಕಡಲೆಕಾಯಿ ಬೀಜ ಎತ್ತುವುದನ್ನು ಅಭ್ಯಾಸ ಮಾಡಿದೆ. ಭಾನುವಾರ ಬರಲಿ, ಅವನೆದುರಿಗೇ...

ಆ ಭಾನುವಾರ ಎಂಟೂವರೆಗೆ ಮನೆಯೊಡತಿಯ ಫೋನಿಗೆ ಕರೆ ಬಂತು. ಬೋರ ಸ್ನಾನಕ್ಕೆ ಹೋಗಿದ್ದ, ನಾನೇ ಎತ್ತಿದೆ. ಮಾತಾಡಿದವರು ಅವನ ಅಣ್ಣ ನಿಂಗೇಗೌಡರು, ಶ್ರೀರಂಗಪಟ್ಟಣದ ಎಸ್‌ಟಿಡಿ ಬೂತಿನಿಂದ: “ಅವ್ವ ಓಗ್ಬುಟ್ಲು ಕಣಪ್ಪ. ಮಣ್ಣು ಇವತ್ತೇ ಮಾಡ್ಬುಡ್ತೀವಿ. ತಿಥಿಗಾದ್ರೂ ಬೋರನ್ನ ಕರ್ಕಬಾ.”

ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ತಿಥಿ ಮುಗಿಯುವವರೆಗೆ ನಮ್ಮಲ್ಲಿ ಮಗನಾಗಲಿ ಅಳಿಯನಾಗಲಿ ಮಾಂಸ ಮುಟ್ಟುವಂತಿಲ್ಲ. ಸುದ್ದಿ ಹೇಳಿದರೆ ಹೋಟೆಲಿಗೆ ಹೋಗುವ ಮಾತೇ ಇಲ್ಲ. ವಿಮಾನ ಹೇಗೂ ನಾಳೆ, ಎರಡು ಗಂಟೆ ತಡವಾದರೆ ಏನಾದೀತು — ಹೀಗೆಂದು ನನಗೆ ನಾನೇ ಹೇಳಿಕೊಂಡೆ. ನೆಪ. ಕಡ್ಡಿ ಹಿಡಿಯಬಲ್ಲೆನೆಂದು ನಾನು ತೋರಿಸಬೇಕಿತ್ತು. ಅಷ್ಟೇ... ಅಷ್ಟಕ್ಕೇ.

ತೋರಿಸಿದೆ. ಹಂದಿಮಾಂಸದ ಕಡುಬೊಂದನ್ನು ಎತ್ತಿ, ಅಲುಗದಂತೆ ಒಯ್ದು, ಅವನ ತಟ್ಟೆಯಲ್ಲಿಟ್ಟೆ.

“ಅಯ್ಯೋ, ಗೆದ್ಬುಟ್ರಲ್ಲ ಬಾವ! ಊರ್ಗೋದಾಗ ಅವ್ವಂಗೂ ತೋರ್ಸಿ, ನಕ್ಕಂಡ್ ಸಾಯ್ತಾಳೆ” ಎಂದ. ತಿಂದ. ನಾನೂ ತಿಂದೆ. ಕೋಣೆಗೆ ಮರಳಿದ ಮೇಲೆ ಮನೆಯೊಡತಿಯ ಬಳಿಗೆ ಹೋಗಿ ಬಂದವನಂತೆ ನಟಿಸಿ, ಈಗಷ್ಟೇ ಫೋನು ಬಂತೆಂದು ಹೇಳಿದೆ. ಅವನು ನೆಲದ ಮೇಲೆ ಕುಳಿತುಬಿಟ್ಟ.

ಅವರ ಊರು ಅರಕೆರೆಯಲ್ಲಿ ತಿಥಿಯ ದಿನ, ತಾಯಿಗೆ ಎಡೆ ಇಡುವ ಮುನ್ನ, ಬೋರನೇ ಬಾಯಿಬಿಟ್ಟ: “ಅಣ್ಣ, ಸುದ್ದಿ ಬರಕ್ ಮುಂಚೆ ಬಾಡು ತಿಂದ್ಬುಟ್ಟಿದ್ದೆ. ಅದ್ಕೇನಾರ ಮಾಡ್ಬೇಕಾ?”

“ಎಷ್ಟೊತ್ಗೆ ತಿಂದೆ?”

“ಅಲ್ಲೀ ಲೆಕ್ಕಕ್ಕೆ ಅತ್ತು ಗಂಟೆ.”

ನಿಂಗೇಗೌಡರು ಜೇಬಿನಿಂದ ಬೂತಿನ ಚೀಟಿ ತೆಗೆದರು. ಕರೆ ಮಾಡಿದ ಹೊತ್ತು ಅದರಲ್ಲಿ ಅಚ್ಚಾಗಿತ್ತು. “ನಾನು ಇಲ್ಲಿ ಆರು ಗಂಟೆಗೇ ಮಾಡಿವ್ನಿ ಕಣ್ಲಾ. ಅಲ್ಲಿ ಎಂಟೂವರೆ. ತಿಳ್ಕಂಡೂ ತಿಂದ್ಯೇನ್ಲಾ?”

ಬೋರ ನನ್ನತ್ತ ತಿರುಗಿದ. “ನೀವೇ ಯೋಳಿ ಬಾವ.”

“ಫೋನು ಬಂದ ತಕ್ಷಣ ಹೇಳಿದೆ” ಎಂದೆ.

ನಾಲ್ಕೇ ಪದ. ಅವನು ನನ್ನನ್ನೇ ನೋಡಿದ. ಅವನಿಗೆ ಅರ್ಥವಾಯಿತು. ಬಾಯಿ ತೆರೆದ — ನನ್ನ ಪಕ್ಕದಲ್ಲಿ ನಿಂತಿದ್ದ ಅವನ ಅಕ್ಕನನ್ನು ಕಂಡ — ಮುಚ್ಚಿಕೊಂಡ. “ದೂರ ನಿಂತ್ಕಳಲಾ” ಎಂದರು ಹಿರಿಯರು. ಅವ್ವನ ಎಡೆಗೆ ಅವನ ಕೈ ಸೋಕಲಿಲ್ಲ.

ಅಂದಿನಿಂದ ಪ್ರತಿ ಪಿತೃಪಕ್ಷದಲ್ಲೂ, ಒಳಗೆ ಹಿರಿಯರಿಗೆ ಎಡೆ ಇಡುವ ಹೊತ್ತಿಗೆ, ಯಾರೂ ಹೇಳದೆಯೇ ಅವನು ಎದ್ದು ಜಗುಲಿಗೆ ಹೋಗುತ್ತಾನೆ. ನನ್ನನ್ನು ಇಂದಿಗೂ ಬಾವ ಎಂದೇ ಕರೆಯುತ್ತಾನೆ. ಒಮ್ಮೆಯೂ ಆ ಮಾತು ಎತ್ತಿಲ್ಲ. ಎತ್ತಿದ್ದರೆ...

ಈ ವರ್ಷ ಎಡೆಯ ಮುಂದೆ ನಿಂತು, ಎಲ್ಲರೂ ಕೇಳುವಂತೆ, ಇದಿಷ್ಟನ್ನೂ ಹೇಳುತ್ತೇನೆ. ಕ್ಷಮೆಯನ್ನು ಮಾತ್ರ ಕೇಳುವುದಿಲ್ಲ — ಕೇಳಿದರೆ ಅವನು ಕೊಟ್ಟುಬಿಡುತ್ತಾನೆ.

ಇನ್ನು ಒಂದು ಮಾತು ಉಳಿಯಿತು. ಅದರಿಂದ ನನ್ನ ತಪ್ಪೇನೂ ತಗ್ಗದು. ನಿಂಗೇಗೌಡರೇ, ಅಂದು ಸೇರಿದ್ದ ಹಿರಿಯರೇ — ಫೋನು ಎತ್ತಿದವನು ನಾನೆಂದು ನಿಮಗೆ ಗೊತ್ತಿತ್ತು, ನಾವಿಬ್ಬರೂ ಒಂದೇ ಮೇಜಿನಲ್ಲಿ ಉಣ್ಣುವವರೆಂದೂ ಗೊತ್ತಿತ್ತು. ಮಗನನ್ನು ಹೊರಗೆ ನಿಲ್ಲಿಸಿ ಅಳಿಯನನ್ನು ಎಡೆಯ ಮುಂದೆ ಕೂರಿಸಿದಿರಲ್ಲ, ‘ನೀನೂ ತಿಂದೆಯಾ’ ಎಂದು ನನ್ನನ್ನು ನಿಮ್ಮಲ್ಲಿ ಒಬ್ಬರೂ ಏಕೆ ಕೇಳಲಿಲ್ಲ?