ಗೋಡೆ ಒಡೆಸಿದ ಅಡುಗೆಮನೆ

ಆ ಹೆಂಗಸನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಅಷ್ಟಕ್ಕಷ್ಟೇ. ಅವರು ತಮಿಳಿನವರು, ಚರಿತ್ರೆ ಬರೆಯುವವರು, ಎಪ್ಪತ್ತು ದಾಟಿದವರು. ಇಂಗ್ಲಿಷರ ಈ ದೇಶದಲ್ಲಿ, ರೇನರ್ಸ್ ಲೇನಿನ ಒಂದು ದಿನಸಿ ಅಂಗಡಿಯ ಮೇಲಿನ ಫ್ಲಾಟಿನಲ್ಲಿ ಒಬ್ಬರೇ ಇದ್ದಾರೆ. ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಹೆಂಗಸರ ಬಗ್ಗೆಯೇ ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ. ಸೂಲಗಿತ್ತಿಯರ ಬಗ್ಗೆ ಒಂದು, ಗಿರಣಿಯಲ್ಲಿ ನೂಲು ತೆಗೆದವರ ಬಗ್ಗೆ ಒಂದು, ಗಂಡನ ಬೆನ್ನಿಗೆ ಪರದೇಶಕ್ಕೆ ಬಂದು ಫ್ಯಾಕ್ಟರಿಗಳಲ್ಲಿ ದುಡಿದವರ ಬಗ್ಗೆ ಇನ್ನೊಂದು. ಈ ಕೊನೆಯದು ಬಂದಮೇಲೆ ಇಲ್ಲಿನ ತಮಿಳು ಗಂಡಸರು ಅವರನ್ನು ಸಭೆಗಳಿಗೆ ಕರೆಯುವುದನ್ನೇ ಬಿಟ್ಟರಂತೆ. ಪುಸ್ತಕದಲ್ಲಿ ಒಬ್ಬಳ ಹೆಸರೂ ಇಲ್ಲ, ಆದರೂ ಪ್ರತಿಯೊಬ್ಬನಿಗೂ ತನ್ನ ಮನೆಯ ಗುರುತು ಹತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ಎಲ್ಲ ಭಾಷೆಯಲ್ಲೂ ಇದ್ದಾರೆ.

ತಮ್ಮವರು ಕೈಬಿಟ್ಟವರನ್ನು ನಮ್ಮವರು ತಿಳಿಯದೆ ಕರೆದರು. ಹ್ಯಾರೋದಲ್ಲಿ ಶಾಲೆಯ ಹಾಲೊಂದನ್ನು ಬಾಡಿಗೆಗೆ ಹಿಡಿದು ಕನ್ನಡದವರೆಲ್ಲ ಸೇರಿ ಯುಗಾದಿ ಮಾಡುತ್ತೇವೆ. ಆಕೆ ಹರೆಯದಲ್ಲಿ ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡಿದ್ದರಿಂದ ಕನ್ನಡ ಬರುತ್ತದೆ, ಮಹಿಳೆ ಮತ್ತು ಸಂಸ್ಕೃತಿ ಎಂದು ನಾಲ್ಕು ಮಾತಾಡಲಿ ಎಂದು ನಮ್ಮ ಸಂಘದವರ ಲೆಕ್ಕ. ಆಕೆ ಮೈಕ್ ಹಿಡಿದು, "ಬೆಳಿಗ್ಗೆಯಿಂದ ನೋಡ್ತಾ ಇದೀನಿ. ಹೋಳಿಗೆ ತಟ್ಟಿದೋರು, ಬಡಿಸಿದೋರು, ಇನ್ನೂ ಯಾರೂ ಊಟ ಮಾಡಿಲ್ಲ. ಅವರು ಉಂಡಮೇಲೆ ಮಾತಾಡ್ತೀನಿ," ಎಂದು ವೇದಿಕೆಯಿಂದ ಇಳಿದು ಕೂತುಬಿಟ್ಟರು.

ಬಡಿಸುತ್ತಿದ್ದವರಲ್ಲಿ ನಾನೂ ಒಬ್ಬಳು. ನನಗೆ ಖುಷಿಯೇನೂ ಆಗಲಿಲ್ಲ, ಮೈ ಉರಿಯಿತು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ತುಪ್ಪದ ಮಿಳ್ಳೆ ಹಿಡಿದು ನಿಂತವಳನ್ನು ಇಡೀ ಹಾಲು ತಿರುಗಿ ನೋಡಿದರೆ ಯಾರಿಗೆ ಚೆನ್ನಾಗಿರುತ್ತದೆ? ಇವಳು ಯಾರು ನಮ್ಮ ಪರವಾಗಿ ಮುಷ್ಕರ ಹೂಡಲಿಕ್ಕೆ ಎಂದು ಹಲ್ಲು ಕಡಿದೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಯಾರೋ ಗಟ್ಟಿಯಾಗಿ ನಕ್ಕರು. ನೋಡಿದರೆ ನಮ್ಮತ್ತೆ.

ನಮ್ಮತ್ತೆ ಧಾರವಾಡದವರು. ಡಾಕ್ಟರ ಹೆಂಡತಿಯಾಗಿ ಈ ದೇಶಕ್ಕೆ ಬಂದವರು, ಎಂಬತ್ತರ ಹತ್ತಿರದವರು. ಮಾವ ತೀರಿಕೊಂಡು ಕೆಲವು ವರ್ಷವಾಯಿತು. ಅವರ ಹೆಸರಿನಲ್ಲಿ ನಮ್ಮ ಸಂಘ ವರ್ಷಕ್ಕೊಮ್ಮೆ ಉಪನ್ಯಾಸ ಇಟ್ಟುಕೊಳ್ಳುತ್ತದೆ. ಊರಿಂದ ಹೊಸದಾಗಿ ಬಂದ ಡಾಕ್ಟರುಗಳಿಗೆ ಕೆಲಸ ಹುಡುಕಿಕೊಟ್ಟರು, ಮನೆ ಕೊಡಿಸಿದರು, ದೇವರಂಥವರು ಎಂದು ಆ ದಿನ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ಅತ್ತೆ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿರುತ್ತಾರೆ. ಅವತ್ತು ವಾಪಸು ಬರುವಾಗ ಕಾರಿನಲ್ಲಿ ಅವರು ನನಗೆ, "ಆ ಬಾಯಾರನ್ನ ಮನಿಗೆ ಕರಿ. ನಂದೂ ಸ್ವಲ್ಪ ಹೇಳೂದೈತಿ," ಅಂದರು.

ಕರೆದೆ. ಬಂದವರು ಕಾಫಿಯನ್ನು ಒಂದು ಗುಟುಕು ಕುಡಿದು, ಡಿಕಾಕ್ಷನ್ ತೆಳ್ಳಗಿದೆ ಎಂದು ಪಕ್ಕಕ್ಕಿಟ್ಟರು. ಸೋಫಾ ತೋರಿಸಿದರೆ ಕೂರಲಿಲ್ಲ. ಅವರ ಕೆಲಸದ ಕ್ರಮವೇ ಬೇರೆ. ಹೆಂಗಸರನ್ನು ಮಾತಾಡಿಸುವುದು ಅಡುಗೆಮನೆಯಲ್ಲಿ, ಅದೂ ಕೈಯಲ್ಲಿ ಕೆಲಸ ಇರುವಾಗ. "ಸೋಫಾ ಮೇಲೆ ಕೂರಿಸಿದ್ರೆ ಗಂಡನ ಚರಿತ್ರೆ ಹೇಳ್ತಾರೆ. ಅಡುಗೆಮನೆಗೆ ಗಂಡಸರು ಬರಲ್ಲ, ಅಲ್ಲಿ ತಮ್ಮದು ಹೇಳ್ತಾರೆ," ಅಂದರು. ಹಾಗಂದವರು ನಮ್ಮ ಅಡುಗೆಮನೆಗೆ ಬಂದು ಸುತ್ತ ನೋಡಿ, "ಗೋಡೆ ಎಲ್ಲಿ?" ಎಂದು ಕೇಳಿದರು.

ಹ್ಯಾರೋದಲ್ಲಿ ಈಗ ಯಾರ ಮನೆಯಲ್ಲೂ ಆ ಗೋಡೆ ಇಲ್ಲ. ಎಲ್ಲರೂ ಒಡೆಸಿ, ಕೂರುವ ಕೋಣೆ, ಊಟದ ಮೇಜು, ಒಲೆ ಎಲ್ಲ ಒಂದೇ ಹಾಲು ಮಾಡಿಕೊಂಡಿದ್ದಾರೆ. ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ. "ಯಾರ ಐಡಿಯಾ?" ಅಂದರು. ನಮ್ಮ ಮನೆಯವರದ್ದು ಅಂದೆ. "ಹಾಗೇ ಅಂದ್ಕೊಂಡೆ," ಅಂದರು. ಆ ಕ್ಷಣಕ್ಕೆ ಅವರನ್ನು ಬಾಗಿಲ ತನಕ ಬಿಟ್ಟುಬರಬೇಕು ಅನ್ನಿಸಿತ್ತು.

ನನ್ನ ಗಂಡ ಆಸ್ಪತ್ರೆಯ ಕೆಲಸಕ್ಕೆ ಹೋದ ಹೊತ್ತು ನೋಡಿ ಆಕೆ ಬರುತ್ತಿದ್ದರು. ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಲೋ ಹುರುಳಿಕಾಯಿ ಮುರಿಯುತ್ತಲೋ ಕೂರುವರು, ಆಕೆ ಎದುರಿಗೆ ಕೂತು ತಾವೂ ಮುರಿಯುವರು, ನಡುವೆ ಸಣ್ಣ ರೆಕಾರ್ಡರು. ಸಂಸಾರದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈ ದೇಶಕ್ಕೆ ಬಂದ ದಿನ ಏನು ಅಡುಗೆ ಮಾಡಿದಿರಿ ಎಂದಷ್ಟೇ ಕೇಳಿದರು.

"ರೊಟ್ಟಿ ಮಾಡಬೇಕಂತ ಮಾಡಿದೆ. ಜೋಳದ ಹಿಟ್ಟು ಎಲ್ಲಿ ಸಿಗಬೇಕು ಆಗ? ಗೋದಿ ಹಿಟ್ಟಿನಾಗ ಬಡದೆ. ತಾಟು ಒಗದ್ರು," ಅಂದರು ಅತ್ತೆ. "ತಾಟು ಗ್ವಾಡಿಗೆ ಬಡೀತು. ಆಮ್ಯಾಲ ನನಗ ಬಡದ್ರು."

ನಾನು ಈರುಳ್ಳಿ ಹೆಚ್ಚುತ್ತಿದ್ದವಳು ತಟ್ಟನೆ, "ಮಾವನಿಗೆ ಹೊಸ ಕೆಲಸ, ದಣಿದಿದ್ರೇನೋ," ಅಂದೆ. ಆಕೆ ರೆಕಾರ್ಡರು ನಿಲ್ಲಿಸಿದರು. "ನಿಮ್ಮನ್ನ ಕೇಳಲಿಲ್ಲ," ಎಂದು ಕಡ್ಡಿ ಮುರಿದ ಹಾಗೆ ಹೇಳಿ ಮತ್ತೆ ಒತ್ತಿದರು.

ಹೀಗೆ, ಆ ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿದಮೇಲೆ, ನಮ್ಮ ಮಾವ ನಮ್ಮತ್ತೆಯನ್ನು ವರ್ಷಗಟ್ಟಲೆ ಹೊಡೆಯುತ್ತಿದ್ದರು ಎಂದು ನನಗೆ ಗೊತ್ತಾಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ. ಗ್ರೀನ್‌ಫರ್ಡಿನ ಗೋದಾಮಿನಲ್ಲಿ ಅತ್ತೆ ತಲೆಗೆ ಬಲೆ ಕಟ್ಟಿಕೊಂಡು ಕೇಕು ಪ್ಯಾಕ್ ಮಾಡುತ್ತಿದ್ದರಂತೆ. ಡಾಕ್ಟರ ಹೆಂಡತಿ ಗೋದಾಮಿಗೆ ಹೋಗುತ್ತಾಳೆ ಎಂದರೆ ಮರ್ಯಾದೆಗೇಡು, ಹಾಗಾಗಿ ಬಂದವರಿಗೆಲ್ಲ ಮಾವ ಆಕೆ ಇಂಗ್ಲಿಷ್ ಕ್ಲಾಸಿಗೆ ಹೋಗಿದ್ದಾಳೆ ಎನ್ನುತ್ತಿದ್ದರಂತೆ. ಇದನ್ನು ಹೇಳುವಾಗ ಅತ್ತೆ ನಕ್ಕರು. ಪ್ರತಿ ವರ್ಷ ಉಪನ್ಯಾಸದ ದಿನ ಮಾವನ ಫೋಟೋಗೆ ಹಾರ ಹಾಕುತ್ತಿದ್ದವಳು ನಾನೇ. ಸತ್ತವರ ಮೇಲೆ ಅಷ್ಟು ಕೋಪ ಬರುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಒಂದು ದಿನ ನನ್ನ ಗಂಡ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಹಾಲಿನ ಆ ತುದಿಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಲ್ಯಾಪ್‌ಟಾಪಿನ ಮುಂದೆ. ತಮಿಳಿನಾಕೆ ಇವತ್ತು ಬೇಡ ಅಂದರು. ಅತ್ತೆ, "ಕಿವ್ಯಾಗ ಅದನ್ನ ತುರುಕ್ಕೊಂಡಾನಲ್ಲ, ಗುಡುಗಿದ್ರೂ ಕೇಳಂಗಿಲ್ಲ," ಎಂದು ಶುರುಮಾಡಿಬಿಟ್ಟರು. ಹೆಡ್‌ಫೋನ್ ಹಾಕಿಕೊಂಡ ಗಂಡಸು ಮನೆಯಲ್ಲಿ ಇಲ್ಲದ ಹಾಗೆ ಎಂದು ನಾವೆಲ್ಲ ನಂಬಿಕೊಂಡುಬಿಟ್ಟಿದ್ದೇವೆ. ಅವರ ಮೀಟಿಂಗು ಬೇಗ ಮುಗಿದಿತ್ತು. ಹೆಡ್‌ಫೋನ್ ತೆಗೆಯದೆ ಅಷ್ಟನ್ನೂ ಕೇಳಿಸಿಕೊಂಡರು.

ಆಕೆ ಹೋದಮೇಲೆ ನನ್ನ ಮೇಲೆ ಹರಿಹಾಯ್ದರು. ಅವರು ಬೆಳೆದದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಲ್ಲಿ ಉಳಿದಿರುವುದು 'ಅವ್ವಾ' ಒಂದೇ. ಮಿಕ್ಕಿದ್ದೆಲ್ಲ ಇಂಗ್ಲಿಷು, ಜಗಳ ಕೂಡ. ಆ ಹೆಂಗಸನ್ನು ಮನೆಗೆ ಹೊಗಿಸಿದ್ದು ನೀನು, ಪುಸ್ತಕ ಬಂದರೆ ಹೆಸರಿಲ್ಲದಿದ್ದರೂ ಹ್ಯಾರೋದಲ್ಲಿ ಯಾರ ಮನೆ ಎಂದು ಹೇಳಲಿಕ್ಕೆ ಜ್ಯೋತಿಷಿ ಬೇಕಾಗಿಲ್ಲ, ಅಪ್ಪನ ಹೆಸರಿನ ಉಪನ್ಯಾಸಕ್ಕೆ ನಾಳೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಕೂಗಾಡಿದರು. ಅವ್ವನಿಗೆ ಎಷ್ಟು ನೋವಾಗಿತ್ತು ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ನಾನು ಅದನ್ನು ಹೇಳಿದೆ. ವಾರವಿಡೀ ಮಾತು ಬಿಟ್ಟರು. ನನಗೂ ಅದೇ ಬೇಕಾಗಿತ್ತು.

ತಮಿಳಿನಾಕೆಗೆ ಇನ್ನೊಂದು ಕ್ರಮವಿತ್ತು. ಎಲ್ಲ ಮುಗಿದಮೇಲೆ ರೆಕಾರ್ಡರನ್ನು ವಾಪಸು ತಂದು, ಹೇಳಿದವಳಿಗೇ ಅವಳ ದನಿ ಕೇಳಿಸಿ, ಇಡಲಾ ಅಳಿಸಲಾ ಎಂದು ಕೇಳುವುದು. ಜೊತೆಯಲ್ಲಿ ಯಾರಿರಬೇಕು ಎಂಬುದೂ ಅವಳ ಇಷ್ಟವೇ. ಅಳಿಸು ಅಂದರೆ ಅಲ್ಲೇ ಅಳಿಸುತ್ತಾರೆ, ಇನ್ನೊಂದು ಪ್ರತಿ ಇಟ್ಟುಕೊಳ್ಳುವುದಿಲ್ಲ. ಹೀಗೆ ಮಾಡಿ ಒಂದು ಪುಸ್ತಕವನ್ನೇ ಅರ್ಧ ಕಳೆದುಕೊಂಡಿದ್ದರಂತೆ. ಇದು ಗೊತ್ತಾದದ್ದೇ ತಡ, ನನ್ನ ಗಂಡ ಅವ್ವನಿಗೆ ಬೆಣ್ಣೆ ಹಚ್ಚಲು ಶುರುಮಾಡಿದರು. ಎಂದೂ ದೇವಸ್ಥಾನದ ಕಡೆ ತಲೆ ಹಾಕದವರು ತಾವೇ ಕಾರು ತೆಗೆದು ಕರೆದುಕೊಂಡು ಹೋದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಅಪ್ಪ ಹೋಗಿಬಿಟ್ಟಿದ್ದಾರೆ, ಅವರ ಹೆಸರೊಂದು ಉಳಿದಿದೆ, ಹಳೆಯದನ್ನು ಕೆದಕಿ ಯಾರಿಗೇನು ಬರಬೇಕು ಎಂದು ದಾರಿಯುದ್ದಕ್ಕೂ ಮೆತ್ತಗೆ ಹೇಳಿದರು. ಅತ್ತೆ ಕಿಟಕಿಯ ಆಚೆ ನೋಡುತ್ತಿದ್ದರು.

ಭಾನುವಾರ ಮಧ್ಯಾಹ್ನ ಆಕೆ ಬಂದರು. ಮಗ, ಸೊಸೆ ಇಬ್ಬರೂ ಇರಲಿ ಎಂದು ಅತ್ತೆಯೇ ಹೇಳಿದ್ದರು. ಊಟದ ಮೇಜಿನ ಸುತ್ತ ನಾಲ್ಕೂ ಜನ ಕೂತೆವು. ಅತ್ತೆಯ ದನಿ ರೆಕಾರ್ಡರಿನಿಂದ ಬಂತು, ಹಿಂದೆ ಹುರುಳಿಕಾಯಿ ಮುರಿಯುವ ಸದ್ದು, ಕುಕ್ಕರು ಕೂಗಿದ್ದು, ನಡುವೆ ನನ್ನ ಪೆದ್ದು ಮಾತು. ನನ್ನ ಗಂಡ ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದರು. ಅತ್ತೆ ಮಾತ್ರ ಬೇರೆ ಯಾರದೋ ಕಥೆ ಕೇಳುವವರ ಹಾಗೆ ಕಡೆಯವರೆಗೂ ಕೇಳಿದರು. ಮುಗಿಯಿತು. ಆಕೆ ಕೇಳಿದರು, "ಇಡಲಾ, ಅಳಿಸಲಾ?"

"ಅಳಿಸಿಬಿಡ್ರಿ," ಅಂದರು ಅತ್ತೆ.

ಆಕೆ ಗುಂಡಿ ಒತ್ತಿದರು. ಒಂದೊಂದನ್ನೇ ತೆಗೆದು ಖಾಲಿಯಾದದ್ದನ್ನು ಅತ್ತೆಗೆ ತೋರಿಸಿದರು. ನನಗೆ ತಡೆಯಲಾಗಲಿಲ್ಲ. "ಇಷ್ಟೇನಾ ನಿಮ್ಮ ಹೋರಾಟ? ಸಭೇಲಿ ಎಲ್ಲರ ಮಾನ ಕಳೀತೀರಿ, ಇಲ್ಲಿ ಒಂದು ಮಾತು ಹೇಳಕ್ಕಾಗಲ್ವಾ? ಅವರ ತಲೆಗೆ ಯಾರು ತುಂಬಿದಾರೆ ಅಂತ ನಿಮಗೆ ಗೊತ್ತಿಲ್ವಾ?" ಎಂದು ಕಿರುಚಿದೆ.

ಅವರು ರೆಕಾರ್ಡರನ್ನು ಚೀಲಕ್ಕೆ ಹಾಕುತ್ತ ನನ್ನನ್ನು ನೋಡಿದರು. "ನಿಮ್ಮ ಕೋಪಕ್ಕೆ ಅವರ ಬಾಯಿ ಬೇಕಾ?" ಅಂದರು. "ನಿಮ್ಮದೇ ಬಾಯಿ ಇದೆಯಲ್ಲ."

ಆ ಮಾತಿಗೆ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ.

ನನ್ನ ಗಂಡನಿಗೆ ಜೀವ ಬಂದಿತ್ತು. ಎದ್ದು ಅವ್ವನ ಭುಜ ಒತ್ತಿ ಥ್ಯಾಂಕ್ ಯೂ ಅಂದರು. ಅಷ್ಟು ದಿನದಲ್ಲಿ ಮೊದಲ ಬಾರಿ ತಮಿಳಿನಾಕೆಯ ಕಡೆ ತಿರುಗಿ, ಟೀ ತೆಗೆದುಕೊಳ್ಳುತ್ತೀರಾ ಎಂದು ನಯವಾಗಿ ಕೇಳಿದರು.

"ಚಾ ಆಮ್ಯಾಲ," ಅಂದರು ಅತ್ತೆ. "ನೀ ಕುಂದರು."

ಕೂತರು.

"ಇವರ ಮುಂದ ಯಾಕ ಹೇಳಿದೆ ಅಂದ್ರ, ಇವರು ಹೊರಗಿನವರು. ಹೊರಗಿನವರ ಮುಂದ ಹೇಳೂದು ಸಸಾರ. ಒಂದ್ಸಲ ಹೇಳಿ ನೋಡಿದೆ, ಬಾಯಿ ಬರತೈತಿ ನನಗ. ಇನ್ನ ಆ ಮಷೀನು ಯಾಕ ಬೇಕು? ಮುಂದಿನ ಉಪನ್ಯಾಸಕ್ಕ ನಾನ ಮಾತಾಡತೇನಿ. ಅಲ್ಲೆ ಎಲ್ಲಾರ ಮುಂದ ಹೇಳೂಕಿಂತ ಮದಲ ನಿನ್ನ ಮುಂದ ಹೇಳಬೇಕಲ್ಲ?"

ನನ್ನ ಗಂಡ, "ಅವ್ವಾ, ಪ್ಲೀಸ್," ಅಂದರು. ತಮಿಳಿನಾಕೆ ಎದ್ದು ಕೋಟು ಹಾಕಿಕೊಂಡರು. ಅವರಿಗೆ ಅಲ್ಲಿ ಕೆಲಸವಿರಲಿಲ್ಲ, ಅಷ್ಟು ತಿಂಗಳ ಕೆಲಸವೂ ಉಳಿದಿರಲಿಲ್ಲ. ಹೋಗಿಬರುತ್ತೇನೆ ಅಂತಲೂ ಹೇಳದೆ ಬಾಗಿಲು ಎಳೆದುಕೊಂಡು ಹೋದರು. ಅತ್ತೆ ಆ ಕಡೆ ನೋಡಲಿಲ್ಲ, ಮಗನನ್ನೇ ನೋಡುತ್ತಿದ್ದರು.

"ನಿಮ್ಮಪ್ಪ ನನ್ನ ಹೊಡಿಯೂವಾಗ ನೀ ಟಿವಿ ಆವಾಜ ದೊಡ್ಡದ ಮಾಡತಿದ್ದಿ. ಸಣ್ಣಾವ ಇದ್ದಿ, ಅದಕ್ಕ ನನಗ ಸಿಟ್ಟಿಲ್ಲ. ಮೊನ್ನೆ ಕಾರಿನ್ಯಾಗ ಮತ್ತ ಅದನ್ನ ಮಾಡಿದಿ, ಅದಕ್ಕ ಐತಿ," ಅಂದರು. ಆಮೇಲೆ ಕೇಳಿದರು, "ಟಿವ್ಯಾಗ ಏನು ಬರತಿತ್ತು, ನೆನಪೈತೇನು?"

ನನ್ನ ಗಂಡ ಹೇಳುವುದಿಲ್ಲ ಅಂದುಕೊಂಡೆ. ಉಗುರು ನೋಡುತ್ತಲೇ ಹೇಳಿದರು.

"ಸ್ನೂಕರ್."

"ಹೂಂ. ಆ ಆಟಕ್ಕ ಸಪ್ಪಳನ ಇಲ್ಲ," ಅಂದರು ಅತ್ತೆ. "ಎಷ್ಟ ದೊಡ್ಡದ ಮಾಡಿದ್ರೂ ನಿನಗ ನನ್ನ ದನಿನ ಕೇಳತಿತ್ತು."