ಬಣ್ಣದವನೂ ನಮ್ಮ ಆಮೆಯೂ

ಅರವತ್ತೊಂಬತ್ತರ ವಯಸ್ಸಿನಲ್ಲಿ ಒಂದು ಆಮೆಯ ಸಲುವಾಗಿ ಹೊಟ್ಟೆಕಿಚ್ಚು ಪಟ್ಟೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ನಿಮ್ಮ ಹತ್ತಿರ ಹೇಳಿಬಿಡುತ್ತೇನೆ. ಕಿಚ್ಚು ಆಮೆಯ ಮೇಲಲ್ಲ, ನಮ್ಮ ಮನೆಗೆ ಬಣ್ಣ ಬಳಿಯಲು ಆರ್.ಟಿ. ನಗರದಿಂದ ಬರುತ್ತಿದ್ದ ರಫೀಕನ ಮೇಲೆ.

ಪುಟ್ಟೇನಹಳ್ಳಿಯ ಈ ಮನೆಯಲ್ಲಿ ರಾಣಿ ಎಂಬ ನೀರಾಮೆಯನ್ನು ಎಂಟು ವರ್ಷದಿಂದ ಸಾಕಿದ್ದೇನೆ. ಗಾಜಿನ ತೊಟ್ಟಿ ತೊಳೆಯುವವನು ನಾನು, ನೀರು ಬದಲಿಸುವವನು ನಾನು, ಅಂಗಡಿಯಿಂದ ತಂದ ಒಣ ಕಾಳನ್ನು ಹೊತ್ತಿಗೆ ಸರಿಯಾಗಿ ಹಾಕುವವನೂ ನಾನೇ. ಇಷ್ಟಕ್ಕೂ ಅವಳು ನನ್ನನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅದು ಆಮೆಗಳ ಗಾಂಭೀರ್ಯ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದೆ.

ಕೆಲಸ ಶುರುವಾದ ದಿನ ರಫೀಕನೇ, "ಸಾರ್, ಥಿನ್ನರ್ ವಾಸನೆ ಇದಕ್ಕೆ ಆಗಲ್ಲ. ಮೊದ್ಲು ಬಾಲ್ಕನೀಲಿ ಇಡಿ, ಗಾಳಿ ಆಡ್ಲಿ," ಎಂದ. ಇಬ್ಬರೂ ಹಿಡಿದು ತೊಟ್ಟಿಯನ್ನು ನೆರಳಿಗೆ ಸಾಗಿಸಿದೆವು. ಆಮೇಲೆ ಅವನು ಟೀ ಕುಡಿಯಲು ಬಾಲ್ಕನಿಗೇ ಹೋಗತೊಡಗಿದ. "ಏನ್ ರಾಣೀ, ಟೀ ಆಯ್ತಾ?" ಎಂದರೆ ಸಾಕು, ಅವಳು ನೀರು ಚಿಮ್ಮಿಸುತ್ತ ಗಾಜಿನ ಹತ್ತಿರ ಬರುತ್ತಿದ್ದಳು. ಜ್ಞಾನಿಯಾದವನು ಆಮೆಯ ಹಾಗೆ ಇಂದ್ರಿಯಗಳನ್ನು ಒಳಗೆಳೆದುಕೊಳ್ಳಬೇಕೆಂದು ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೇನೆ. ನಮ್ಮ ಆಮೆ ರಫೀಕನಿಗಾಗಿ ನಾಲ್ಕು ಕಾಲನ್ನೂ ಕುತ್ತಿಗೆಯನ್ನೂ ಹೊರಗೇ ಚಾಚುತ್ತಿತ್ತು.

ನನ್ನಾಕೆ ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ನೋಡ್ರೀ, ನಾಲ್ಕೇ ದಿನಕ್ಕೆ ಎಷ್ಟು ಹಚ್ಕೊಂಡಿದೆ! ನಿಮ್ಮನ್ನ ಕಂಡ್ರೆ ಮಾತ್ರ ಬಾಡಿಗೆ ಕೇಳೋಕೆ ಬಂದ ಓನರ್‌ನ ಕಂಡ ಹಾಗೆ ಮಾಡುತ್ತೆ."

ಐದನೇ ದಿನ ಅವನು ಬರುವ ಮೊದಲೇ ರಾಣಿಯನ್ನು ಬಕೆಟ್ಟಿನಲ್ಲಿಟ್ಟು ಹಿಂದಿನ ಬಚ್ಚಲಿಗೆ ಸೇರಿಸಿ ಬಾಗಿಲು ಹಾಕಿದೆ. ಹೆಂಡತಿಗೆ, "ಬಾಲ್ಕನಿಗೂ ವಾಸನೆ ಬರ್ತಿದೆ ಕಣೇ, ಸೇಫ್ಟಿಗೆ ಒಳಗಿಟ್ಟೆ," ಎಂದೆ. ರಫೀಕನಿಗೆ, "ಬಾಗಲಗುಂಟೆಗೆ, ಮಗಳ ಮನೆಗೆ ಕಳಿಸಿದೀನಿ," ಎಂದೆ. ಅವನ ಮುಖ ಸಪ್ಪಗಾಯಿತು. ನನಗೆ ಆ ಬೆಳಗಿನ ಕಾಫಿ ಬಹಳ ರುಚಿಸಿತು.

ಆಮೆ ಮನೆಯಲ್ಲಿಲ್ಲ ಎಂದು ನಂಬಿದ ಅವನು ಬಚ್ಚಲ ಕಿಟಕಿಯ ಸರಳುಗಳಿಗೆ ಹೊರಗಿನಿಂದ ಬಣ್ಣ ಹೊಡೆದ. ಮಧ್ಯಾಹ್ನ ಬಾಗಿಲು ತೆಗೆದರೆ ಕಣ್ಣುರಿಯುವಷ್ಟು ವಾಸನೆ. ರಾಣಿ ಕುತ್ತಿಗೆ ಚಾಚಿ, ಬಾಯಿ ತೆರೆದುಕೊಂಡು ಉಸಿರಿಗೆ ಒದ್ದಾಡುತ್ತಿದ್ದಳು. ನನ್ನ ಕೂಗು ಕೇಳಿ ಮೊದಲು ಓಡಿಬಂದವನು ರಫೀಕ. ಬಕೆಟ್ಟನ್ನೆತ್ತಿಕೊಂಡು ತಾರಸಿಗೆ ಓಡಿದ, ಬೇರೆ ನೀರು ತಂದ, ಪ್ರಾಣಿವೈದ್ಯರ ಹತ್ತಿರ ಹೋಗಲು ಆಟೋ ಹಿಡಿದುಕೊಂಡು ಬಂದ. ಸಂಜೆಯ ಹೊತ್ತಿಗೆ ಅವಳ ಉಸಿರು ಸರಿಹೋಯಿತು.

ನನ್ನಾಕೆ ಅವನನ್ನೇ ತರಾಟೆಗೆ ತೆಗೆದುಕೊಂಡಳು. "ಕಣ್ಣು ಕಾಣಲ್ವೇನಪ್ಪಾ ನಿಂಗೆ? ಒಳಗೆ ಮೂಕಪ್ರಾಣಿ ಇದೆಯಾ ಅಂತ ನೋಡ್ಬಾರ್ದಾ?"

ಅವನು ಒಮ್ಮೆ ನನ್ನ ಮುಖ ನೋಡಿದ. "ತಪ್ಪಾಯ್ತಮ್ಮಾ, ನೋಡ್ಬೇಕಿತ್ತು," ಎಂದ.

ನಾನು ಬಾಯಿ ಬಿಡಲಿಲ್ಲ. ನನಗೂ ಒಂದು ಚಿಪ್ಪಿದೆ ಎಂದು ಅವತ್ತು ತಿಳಿಯಿತು.

ಕೆಲಸ ಮುಗಿಸಿ ಅವನು ಹೋದ ಮೇಲೂ ಆ ನೋಟ ಹೋಗಲಿಲ್ಲ. ಗೋಡೆಗಳೆಲ್ಲ ಹೊಳೆಯುತ್ತಿದ್ದವು, ನಾನೊಬ್ಬನೇ ಮಂಕಾಗಿದ್ದೆ. ಹತ್ತು ದಿನ ತಡೆದು, ಕೊನೆಗೆ ಹೆಂಡತಿಯ ಎದುರಿಗೇ ಕೂತು ರಫೀಕನಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಆ ಕಡೆಯಿಂದ ಅವನು ಹೇಳಿದ:

"ಅವತ್ತೇ ಗೊತ್ತಾಯ್ತು, ಬಿಡಿ ಸಾರ್. ನಂದೂ ಒಂದು ತಪ್ಪಿದೆ. ದಿನಾ ನನ್ ಡಬ್ಬಿಯಿಂದ ಬೇಯಿಸಿದ ಮೊಟ್ಟೆ ಚೂರು ಹಾಕ್ತಿದ್ದೆ. ನಿಮ್ಮನೇಲಿ ಮೊಟ್ಟೆ ಮುಟ್ಟಲ್ವಲ್ಲ, ಬೈತೀರ ಅಂತ ಹೇಳ್ಲಿಲ್ಲ."

ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಅಂಗಡಿಯಿಂದ ಮೊಟ್ಟೆ ತರಿಸಿದಳು. ಅದಕ್ಕೆ ಬೇರೆ ಪಾತ್ರೆ, ಬೇರೆ ಒಲೆ, ಬಾಲ್ಕನಿ ದಾಟಿ ಒಳಗೆ ಬರುವಂತಿಲ್ಲ.

ಈಗ ವಾರಕ್ಕೊಮ್ಮೆ ನಾನು ಚೂರು ಹಾಕುತ್ತೇನೆ. ರಾಣಿ ಗಾಜಿಗೆ ಮೂಗೊತ್ತಿಕೊಂಡು ಬರುತ್ತಾಳೆ. ಬರುವುದು ಮೊಟ್ಟೆಗೋ ನನಗೋ ಎಂದು ಕೆದಕಲು ಹೋಗುವುದಿಲ್ಲ. ನಲವತ್ತು ವರ್ಷಗಳಿಂದ ಊಟದ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುವ ನನ್ನನ್ನು ನನ್ನಾಕೆಯೂ ಆ ಪ್ರಶ್ನೆ ಕೇಳಿಲ್ಲ.